ಮಧ್ಯಾಹ್ನ ಸಪ್ಪೆಯಾಗುವ ವೀಣೆ: ಆಂಪ್ಲಿಫೈಯರ್ ಬದಲಿಸುವ ಮುನ್ನ

ಮೈಸೂರಿನ ಸರಸ್ವತಿಪುರಂನ ನಿಮ್ಮ ಮನೆಯಲ್ಲಿ ರಾತ್ರಿ ಹತ್ತರ ನಂತರ ತುಂಬಿ ಕೇಳಿಸುವ ವೀಣೆಯ ಧ್ವನಿಮುದ್ರಣ ಮಧ್ಯಾಹ್ನ ಸಪ್ಪೆಯಾಗುತ್ತದೆ, ಆಂಪ್ಲಿಫೈಯರ್ ಬದಲಿಸಬೇಕೇ ಎಂದು ಕೇಳಿದ್ದೀರಿ. ಸಾಧನವೂ ಮುದ್ರಣವೂ ಅವೇ ಆಗಿರುವಾಗ ಬದಲಾಗಿರುವುದು ಕೋಣೆಯ ಹಿನ್ನೆಲೆ ಸದ್ದು ಎಂದೇ ನನ್ನ ಅಭಿಪ್ರಾಯ; ದಯವಿಟ್ಟು ಈಗಲೇ ಹಣ ಖರ್ಚು ಮಾಡಬೇಡಿ.

ವೈಣಿಕರು ತಂತಿಯನ್ನು ಒಮ್ಮೆ ಮೀಟಿ, ಆ ನಾದ ಕ್ಷೀಣಿಸುತ್ತಿರುವಾಗಲೇ ತಂತಿಯನ್ನು ಎಳೆದು ಎರಡು ಮೂರು ಸ್ವರಗಳ ಗಮಕ, ಅಂದರೆ ಸ್ವರದಿಂದ ಸ್ವರಕ್ಕೆ ಬಳುಕುವ ನಾದ, ತೆಗೆಯುತ್ತಾರೆ. ಕೊನೆಯ ಸ್ವರ ಮೀಟಿಗಿಂತ ಬಹಳ ಮೆಲ್ಲಗಿರುತ್ತದೆ. ರಾತ್ರಿ ಸುಮಾರು 30 ಡೆಸಿಬೆಲ್ ಇರುವ ಹಿನ್ನೆಲೆ ಸದ್ದು, ಸೀಲಿಂಗ್ ಫ್ಯಾನ್ ಜೋರಾಗಿ ತಿರುಗಿ ಬೀದಿಯ ವಾಹನಗಳ ಸದ್ದೂ ಸೇರಿದಾಗ 50ರ ಹತ್ತಿರ ಹೋಗಬಹುದು. ಆಗ ಮೀಟು ಕೇಳಿಸುತ್ತದೆ, ಗಮಕದ ತುದಿ ಮುಳುಗುತ್ತದೆ, ಫ್ಯಾನಿನ ಸದ್ದಿಗೆ ಒಗ್ಗಿಹೋದ ನಮಗೆ ವೀಣೆಯ ನಾದವೇ ಬಡವಾದಂತೆ ತೋರುತ್ತದೆ.

ವಾಲ್ಯೂಮ್ ಏರಿಸಿದರೆ ಮೀಟುಗಳು ಕಿವಿಗೆ ಚುಚ್ಚುತ್ತವೆ. 50 ವಾಟ್‌ನ ಬದಲು 100 ವಾಟ್‌ನ ಆಂಪ್ಲಿಫೈಯರ್ ತಂದರೂ ಹೆಚ್ಚುವರಿಯಾಗಿ ಸಿಗುವುದು 3 ಡೆಸಿಬೆಲ್ ಮಾತ್ರ, ಅದು ಕಿವಿಗೆ ಅಲ್ಪ ವ್ಯತ್ಯಾಸ.

ಒಂದು ಮಧ್ಯಾಹ್ನ ಬೀದಿ ಕಡೆಯ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ವಾಲ್ಯೂಮ್ ಮುಟ್ಟದೆ ಅದೇ ಧ್ವನಿಮುದ್ರಣವನ್ನು ಕೇಳಿ ನೋಡಿ. ನಾದ ಮರಳಿದರೆ ಕಾರಣ ಖಚಿತವಾಯಿತು. ಸೆಕೆಯಲ್ಲಿ ಫ್ಯಾನಿಲ್ಲದೆ ಕೂರುವುದು ಕಷ್ಟವೆಂಬುದು ನಿಜ. ಫ್ಯಾನನ್ನು ಕಡಿಮೆ ವೇಗದಲ್ಲಿಟ್ಟು ಸ್ಪೀಕರ್‌ಗಳನ್ನು ಕುರ್ಚಿಯ ಹತ್ತಿರಕ್ಕೆ ತಂದರೂ ಸಾಕಷ್ಟು ಅನುಕೂಲವಾಗುತ್ತದೆ. ಎರಡೂ ಮಾಡಿದ ಮೇಲೂ ಸಪ್ಪೆ ಎನಿಸಿದರೆ ಸ್ಪೀಕರ್‌ಗಳ ಮಾದರಿ ಮತ್ತು ಕೋಣೆಯ ಅಳತೆ ತಿಳಿಸಿ.