ವೆಕ್ಟರ್ ಹುಡುಕಾಟಕ್ಕೆ ಬೇರೆ ಡೇಟಾಬೇಸ್ ಬೇಕೆ?

ಪ್ರಶ್ನೆ: ನಮ್ಮ 10 ಲಕ್ಷ ದಾಖಲೆಗಳು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿವೆ. ಪದ ಬೇರೆಯಿದ್ದರೂ ಅರ್ಥ ಹೊಂದುವ ದಾಖಲೆ ಸಿಗಲೆಂದು ದಾಖಲೆಯ ಅರ್ಥವನ್ನು ಸಂಖ್ಯೆಗಳ ಪಟ್ಟಿಯಾಗಿ (ವೆಕ್ಟರ್) ಇಡಲು ಪಿಜಿವೆಕ್ಟರ್ ಎಂಬ ವಿಸ್ತರಣೆ ಹಾಕಿ, ಹತ್ತಿರದ ವೆಕ್ಟರ್‌ಗಳನ್ನು ಅಂದಾಜಿನಲ್ಲಿ ಬೇಗ ಹುಡುಕುವ ಎಚ್‌ಎನ್‌ಎಸ್‌ಡಬ್ಲ್ಯು ಇಂಡೆಕ್ಸ್ ಕಟ್ಟಿದೆವು. ವಿಭಾಗವಾರು ಸೋಸಿದರೆ, 10 ಫಲಿತಾಂಶ ಕೇಳಿದಾಗ ಮೂರೋ ನಾಲ್ಕೋ ಬರುತ್ತವೆ. ಪ್ರತ್ಯೇಕ ವೆಕ್ಟರ್ ಡೇಟಾಬೇಸ್‌ಗೆ ಹೋಗಬೇಕೆ?

ಉತ್ತರ: ಈಗ ಬೇಡ. ತೊಡಕಿರುವುದು ಸೋಸುವ ಕ್ರಮದಲ್ಲಿ. ಈ ಇಂಡೆಕ್ಸ್ ಮೊದಲು ಹತ್ತಿರದ ವೆಕ್ಟರ್‌ಗಳನ್ನು ಹೆಕ್ಕುತ್ತದೆ. ನಿಮ್ಮ ಷರತ್ತು ತಗಲುವುದು ಆಮೇಲೆ. ಎಷ್ಟು ಹೆಕ್ಕಬೇಕೆಂದು ಹೇಳುವ 'ಇಎಫ್ ಸರ್ಚ್' ಬದಲಾಯಿಸದಿದ್ದರೆ 40 ಇರುತ್ತದೆ. ಆ ವಿಭಾಗದಲ್ಲಿ ಶೇ 10ರಷ್ಟು ಸಾಲುಗಳಿದ್ದರೆ 40ರಲ್ಲಿ ಉಳಿಯುವುದು ಸರಾಸರಿ 4.

ಮೊದಲು ಅದನ್ನು 200ಕ್ಕೆ ಏರಿಸಿ. ಪಿಜಿವೆಕ್ಟರ್ 0.8 ಅಥವಾ ನಂತರದ ಆವೃತ್ತಿಯಾದರೆ 'ಇಟರೇಟಿವ್ ಸ್ಕ್ಯಾನ್' ಚಾಲೂ ಮಾಡಿ. ಸಾಕಷ್ಟು ಸಾಲು ಸಿಗುವವರೆಗೆ ಅದು ಮುಂದೆ ಹುಡುಕುತ್ತಲೇ ಹೋಗುತ್ತದೆ, ಸುಮಾರು 20,000 ಸಾಲುಗಳ ಮಿತಿಯೊಳಗೆ. ವಿಭಾಗ ತೀರಾ ಚಿಕ್ಕದು, ಕೆಲವೇ ಸಾವಿರ ಸಾಲು ಎನ್ನುವುದಾದರೆ ವಿಭಾಗದ ಕಾಲಂಗೆ ಮಾಮೂಲಿ ಬಿ-ಟ್ರೀ ಇಂಡೆಕ್ಸ್ ಹಾಕಿ. ಆಗ ಆ ವಿಭಾಗದ ಸಾಲುಗಳನ್ನಷ್ಟೇ ಮೊದಲು ತೆಗೆದು, ಒಂದೊಂದರ ದೂರ ಅಳೆದರೂ ತಡವಾಗದು, ಫಲಿತಾಂಶವೂ ಅಂದಾಜಿನದಾಗದೆ ನಿಖರವಾಗಿರುತ್ತದೆ.

ಮೆಮೊರಿಯ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. 1,536 ಆಯಾಮದ, ಎಂದರೆ ಅಷ್ಟು ಸಂಖ್ಯೆಗಳಿರುವ, ಒಂದು ವೆಕ್ಟರ್‌ಗೆ 6,152 ಬೈಟ್. 10 ಲಕ್ಷಕ್ಕೆ 6 ಜಿಬಿಗೂ ಹೆಚ್ಚು. ಇಂಡೆಕ್ಸ್ ತನ್ನದೇ ಇನ್ನೊಂದು ಪ್ರತಿ ಇಟ್ಟುಕೊಳ್ಳುತ್ತದೆ. ಅದು ರ್‍ಯಾಮ್‌ನಲ್ಲಿ ಹಿಡಿಸದಿದ್ದರೆ ಪ್ರತಿ ಹುಡುಕಾಟವೂ ಡಿಸ್ಕ್‌ಗೆ ಓಡಬೇಕು. ಇಂಡೆಕ್ಸನ್ನು ಪ್ರತಿ ಸಂಖ್ಯೆಗೂ ಅರ್ಧ ಜಾಗ ಸಾಕೆನ್ನುವ 'ಹಾಫ್‌ವೆಕ್' ಮಾದರಿಯಲ್ಲಿ ಕಟ್ಟಿದರೆ ವೆಕ್ಟರ್‌ಗಳ ಗಾತ್ರ ಅರ್ಧಕ್ಕಿಳಿಯುತ್ತದೆ. ಇನ್ನೊಂದು ಸಾಮಾನ್ಯ ತಪ್ಪು: ಇಂಡೆಕ್ಸ್ ಕಟ್ಟುವುದು ಯೂಕ್ಲಿಡಿಯನ್ ದೂರಕ್ಕೆ (ನೇರ ಅಂತರ), ಕ್ವೆರಿ ಕೇಳುವುದು ಕೊಸೈನ್ ದೂರಕ್ಕೆ (ಕೋನದ ವ್ಯತ್ಯಾಸ). ಆಗ ಇಂಡೆಕ್ಸ್ ಬಳಕೆಯಾಗುವುದೇ ಇಲ್ಲ. ಕ್ವೆರಿ ಹೇಗೆ ನಡೆಯುತ್ತದೆಂದು ತೋರಿಸುವ 'ಎಕ್ಸ್‌ಪ್ಲೇನ್' ಆದೇಶ ಕೊಟ್ಟು ನೋಡಿದರೆ ಗೊತ್ತಾಗುತ್ತದೆ.

ಬೇರೆ ಡೇಟಾಬೇಸ್ ಬೇಡವೆನ್ನಲು ನಮಗೆ ದೊಡ್ಡ ಕಾರಣ ವೇಗವಲ್ಲ. ದಾಖಲೆ ಒಂದು ಕಡೆ, ವೆಕ್ಟರ್ ಇನ್ನೊಂದು ಕಡೆ ಇದ್ದರೆ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎರಡೂ, ಇಲ್ಲದಿದ್ದರೆ ಯಾವುದೂ ಇಲ್ಲ ಎನ್ನುವಂತೆ) ಅಳಿಸಲಾಗದು. ಅಳಿಸಿದ ದಾಖಲೆ ಹುಡುಕಾಟದಲ್ಲಿ ಮತ್ತೆ ತಲೆಯೆತ್ತಬಹುದು. ಅದು ಯಾರದೋ ಖಾಸಗಿ ಮಾಹಿತಿಯಾಗಿದ್ದರೆ ತಪ್ಪು ಸಣ್ಣದಲ್ಲ.

ಪ್ರಶ್ನೆ: ಹಾಗಾದರೆ ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ಗಳ ಕ್ವೆರಿ ಭಾಷೆಯಾದ ಎಸ್‌ಕ್ಯೂಎಲ್ ಕಲಿಯುವುದು ಇನ್ನೂ ಉಪಯೋಗವೆ?

ಉತ್ತರ: ಖಂಡಿತ. ಗಣಕ ವಿಜ್ಞಾನಿ ಎಡ್ಗರ್ ಕಾಡ್ ಅವರು 1970ರಲ್ಲಿ ಮಂಡಿಸಿದ, ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ರಿಲೇಷನಲ್ ಮಾದರಿಯ ಮೇಲೆ ಬೆಳೆದ ಭಾಷೆಯಿದು, ಹೊಸದನ್ನು ಒಳಗೆ ಎಳೆದುಕೊಳ್ಳುತ್ತಲೇ ಬಂದಿದೆ. 2016ರ ಮಾನದಂಡದಲ್ಲಿ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ರೂಪ) ಸೇರಿತು, 2023ರದರಲ್ಲಿ ಗ್ರಾಫ್ ಕ್ವೆರಿ (ದಾಖಲೆಗಳ ನಡುವಿನ ಸಂಬಂಧಗಳ ಜಾಡು ಹಿಡಿಯುವುದು).