ಸ್ಪೋರ್ಟ್ಸ್ ಕಾರಿನ ಸರ್ವಿಸ್ ತೋಟದ ಕಣದಲ್ಲೇ ಮಾಡಬಹುದಾ?

ಪ್ರಶ್ನೆ: ನಾವು ಗೋಣಿಕೊಪ್ಪದ ಹತ್ತಿರ ಕಾಫಿ ಬೆಳೆಗಾರರು. ಹೋದ ವರ್ಷ ಸೆಕೆಂಡ್‌ಹ್ಯಾಂಡ್ ಪೋರ್ಶೆ ಕೇಮನ್ ತಗೊಂಡೆ. 2014ರ ಮಾಡೆಲ್, 2.7 ಲೀಟರ್ ಇಂಜಿನ್, ಪಿಡಿಕೆ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸ್. ವಾರಂಟಿ ಯಾವತ್ತೋ ಮುಗಿದಿದೆ. ಕಂಪನಿ ಸರ್ವಿಸ್ ಅಂದರೆ ಆಯಿಲ್, ಪ್ಲಗ್, ಬ್ರೇಕ್ ಆಯಿಲ್ ಎಲ್ಲ ಸೇರಿ ಲಕ್ಷದ ಮೇಲೆ ಆಗುತ್ತೆ, ಬೆಂಗಳೂರಿಗೆ ಹೋಗಿ ಬರೋಕೆ ಎರಡು ದಿನ ಬೇರೆ. ತೋಟದ ಜೀಪು, ಪಂಪ್‌ಸೆಟ್, ವೀಡ್ ಕಟರ್ ಎಲ್ಲ ಅಪ್ಪನ ಕಾಲದಿಂದ ನಾವೇ ಬಿಚ್ಚಿ ಜೋಡಿಸೋದು. ಇದನ್ನೂ ನಾನೇ ಮಾಡಿಕೊಂಡರೆ ತಪ್ಪಾ? ಮನೆಯಲ್ಲಿ ಬೇಡ ಅಂತಿದ್ದಾರೆ.

ಉತ್ತರ: ಮನೆಯವರು ಹೇಳೋದು ಅರ್ಧ ಸರಿ, ನೀವು ಹೇಳೋದು ಇನ್ನರ್ಧ ಸರಿ. ಪಂಪ್‌ಸೆಟ್ ಬಿಚ್ಚಿದ ಕೈಗೆ ಕೇಮನ್ ಆಯಿಲ್ ಬದಲಿಸೋದು ಕಷ್ಟವೇನಲ್ಲ. ಆದರೆ ನೀವು ದುಡ್ಡಿನ ಲೆಕ್ಕ ಮಾತ್ರ ಹಾಕಿದ್ದೀರಿ. ನಾನು ಬೇರೆ ಲೆಕ್ಕ ಹಾಕುತ್ತೇನೆ. ಕೊಡಗಿನಲ್ಲಿ ಇಂಥ ಕಾರು ಓಡಿ ಹಾಳಾಗೋದು ಕಡಿಮೆ. ನಿಂತು, ನೆನೆದು, ಎಲೆ ತುಂಬಿ ಹಾಳಾಗೋದೇ ಜಾಸ್ತಿ. ಡೀಲರ್ ನಿಮ್ಮ ಕಾರನ್ನು ವರ್ಷಕ್ಕೆ ಒಂದು ದಿನ ನೋಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ಅದಕ್ಕೆ ಏನಾಗುತ್ತಿದೆ ಅಂತ ನೋಡೋಕೆ ನೀವೇ ಇರೋದು. ಆ ಕೆಲಸ ಮೊದಲು ನಿಮ್ಮದು, ಸ್ಪ್ಯಾನರ್ ಹಿಡಿಯೋದು ಆಮೇಲೆ.

ಮುಂದಿನ ಬಂಪರಿನಿಂದ ಶುರು ಮಾಡಿ. ಕೇಮನ್‌ನಲ್ಲಿ ಇಂಜಿನ್ ಸೀಟಿನ ಹಿಂದೆ ಇದೆ, ರೇಡಿಯೇಟರ್‌ಗಳು ಮಾತ್ರ ಮುಂದೆ, ಬಂಪರಿನ ಎಡಕ್ಕೂ ಬಲಕ್ಕೂ. ಅವುಗಳ ಮುಂದೆ ಎ.ಸಿ. ಕಂಡೆನ್ಸರ್ ಇದೆ. ಗಾಳಿ ಹೋಗೋ ಆ ಕಿಂಡಿಗಳು ದಾರಿಯಲ್ಲಿರೋ ಎಲೆಯನ್ನೆಲ್ಲ ಎಳೆದುಕೊಳ್ಳುತ್ತವೆ. ನಿಮ್ಮ ತೋಟದಲ್ಲಿ ಸಿಲ್ವರ್ ಓಕ್ ಇದ್ದೇ ಇರುತ್ತೆ, ಅದರ ಎಲೆ ಹೇಗೆ ಉದುರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಒಂದು ಸಲ ಇಂಥದೇ ಕಾರಿನ ಬಂಪರ್ ಬಿಚ್ಚಿದೆವು. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಎಲೆ, ಕೆಸರು, ಸತ್ತ ಹುಳ ಎಲ್ಲ ಸೇರಿ ಗೊಬ್ಬರದ ಗುಂಡಿಯ ಹಾಗೆ ಕಪ್ಪಗೆ ಕೊಳೆತು ಕೂತಿತ್ತು, ಕೈ ಹಾಕಿದರೆ ಒದ್ದೆ, ಅದೂ ಮಳೆ ನಿಂತು ಮೂರು ವಾರ ಆದ ಮೇಲೆ! ಅಲ್ಯೂಮಿನಿಯಂಗೆ ಆ ಒದ್ದೆ ಅಂಟಿಕೊಂಡೇ ಇದ್ದರೆ ಸಣ್ಣ ತೂತು ಬೀಳುತ್ತೆ, ಗ್ಯಾಸ್ ಹೋಗುತ್ತೆ, ಎ.ಸಿ. ತಣ್ಣಗಾಗಲ್ಲ ಅಂತ ಬೆಂಗಳೂರಿಗೆ ಓಡುತ್ತೀರಿ. ತಿಂಗಳಿಗೊಮ್ಮೆ ವ್ಯಾಕ್ಯೂಮ್ ಕ್ಲೀನರಿಗೆ ಸಣ್ಣ ಪೈಪ್ ಸಿಗಿಸಿ ಕಿಂಡಿಯೊಳಗಿನ ಎಲೆ ಎಳೆದು ತೆಗೆಯಿರಿ. ಹೊರಗೆ ಸಣ್ಣ ಕಣ್ಣಿನ ಸ್ಟೀಲ್ ಬಲೆ ಹಾಕಿಸಿದರೆ ಇನ್ನೂ ಒಳ್ಳೆಯದು. ನೀರಿನ ಪ್ರೆಶರ್ ಬೇಡ, ಕಂಡೆನ್ಸರಿನ ತೆಳು ರೆಕ್ಕೆಗಳು ಮಡಚಿ ಹೋಗುತ್ತವೆ.

ಪ್ರೆಶರ್ ಅಂದಾಗ ಇನ್ನೊಂದು. ತೋಟಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆಯೋ ಸ್ಪ್ರೇಯರಿನಿಂದ ದಯವಿಟ್ಟು ಕಾರು ತೊಳೆಯಬೇಡಿ. ನಗಬೇಡಿ, ಮಾಡಿದವರನ್ನು ನೋಡಿದ್ದೇನೆ. ಪೈಪಿನಲ್ಲಿ ಉಳಿದ ಮೈಲುತುತ್ತದ ನೀರು ಅಲ್ಯೂಮಿನಿಯಂ ಅನ್ನು ತಿನ್ನುತ್ತೆ. ಈ ಕಾರಿನಲ್ಲಿ ಚಕ್ರ, ಕಂಡೆನ್ಸರ್, ಇಂಜಿನ್ ಎಲ್ಲವೂ ಅಲ್ಯೂಮಿನಿಯಂ.

ಇಲಿ. ಜೀಪಿನ ಬಾನೆಟ್ ಎತ್ತಿದರೆ ಇಲಿ ಗೂಡು ಕಾಣುತ್ತೆ. ಕೇಮನ್‌ನಲ್ಲಿ ಮುಚ್ಚಳ ಎತ್ತಿದರೆ ಇಂಜಿನ್ನೇ ಕಾಣಲ್ಲ, ಆಯಿಲ್ ಮತ್ತು ಕೂಲೆಂಟ್ ಹಾಕೋ ಬಾಯಿ ಮಾತ್ರ ಕಾಣುತ್ತೆ. ವೈರ್ ಕಡಿದ ಮೇಲೇ ಗೊತ್ತಾಗೋದು. ಶೆಡ್ಡಿನಲ್ಲಿ ಭತ್ತ, ಹಿಂಡಿ, ಕಾಫಿ ಚೀಲ ಇಡಬೇಡಿ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ.

ಬ್ಯಾಟರಿಗೆ ಟ್ರಿಕಲ್ ಚಾರ್ಜರ್ (ನಿಧಾನವಾಗಿ ಚಾರ್ಜ್ ಕೊಡುತ್ತಾ ಇರೋದು) ಒಂದು ತಗೊಳ್ಳಿ. ಮಳೆಗಾಲದಲ್ಲಿ ಕರೆಂಟು ಇದ್ದಷ್ಟು ಹೊತ್ತು ಸಿಗಿಸಿಟ್ಟರೂ ಸಾಕು. ಬ್ಯಾಟರಿ ಇರೋದು ಮುಂದಿನ ಡಿಕ್ಕಿಯಲ್ಲಿ, ಡಿಕ್ಕಿ ತೆರೆಯೋದು ಕರೆಂಟಿನಿಂದ. ಹಾಗಾಗಿ ಬ್ಯಾಟರಿ ಪೂರ್ತಿ ಸತ್ತರೆ ಬ್ಯಾಟರಿ ಹತ್ತಿರ ಹೋಗೋಕೇ ಆಗಲ್ಲ! ಅದಕ್ಕೂ ದಾರಿ ಇದೆ. ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಡಬ್ಬಿಯಲ್ಲಿ ಹೊರಗೆ ಎಳೆಯೋ ಪ್ಲಸ್ ಟರ್ಮಿನಲ್ ಒಂದಿದೆ. ಕೈಪಿಡಿಯಲ್ಲಿ ಚಿತ್ರ ಇದೆ, ನೋಡಿಕೊಳ್ಳಿ. ಅದಕ್ಕೆ ಜೀಪಿನ ಬ್ಯಾಟರಿಯಿಂದ ಪ್ಲಸ್ ಕೊಟ್ಟು, ಮೈನಸ್ಸನ್ನು ಚಿತ್ರದಲ್ಲಿ ತೋರಿಸಿದ ಕಡೆ ಹಿಡಿದು, ಕೀ ಒತ್ತಿದರೆ ಡಿಕ್ಕಿ ತೆರೆಯುತ್ತೆ. ಅಲಾರಂ ಕಿರುಚಿಕೊಳ್ಳುತ್ತೆ, ಗಾಬರಿ ಬೀಳಬೇಡಿ.

ಈಗ ಆಯಿಲ್. ಮಾಡಬಹುದು, ನಾನು ಬೇಡ ಅನ್ನಲ್ಲ. ಪೋರ್ಶೆ ಎ40 ಅಂತ ಡಬ್ಬಿ ಮೇಲೆ ಬರೆದಿರೋ 0ಡಬ್ಲ್ಯೂ-40 ಆಯಿಲ್ ಬೇಕು, ಏಳು ಲೀಟರಿನ ಮೇಲೆ ಹಿಡಿಯುತ್ತೆ. ಫಿಲ್ಟರ್ ಹೊಸದು, ಡ್ರೈನ್ ಬೋಲ್ಟಿನ ವಾಷರ್ ಕೂಡ ಪ್ರತಿ ಸಲ ಹೊಸದು. ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯೋ ಸ್ಪ್ಯಾನರ್) ಇಲ್ಲದೆ ಕೈ ಹಾಕಬೇಡಿ. ಶುರುವಿನ ದಿನಗಳಲ್ಲಿ ಸ್ನೇಹಿತನ ಕಾರಿನ ಡ್ರೈನ್ ಬೋಲ್ಟನ್ನು ಜೀಪಿಗೆ ಬಿಗಿದ ಹಾಗೆ ಬಿಗಿದುಬಿಟ್ಟಿದ್ದೆ. ಕೊನೆಯ ಕಾಲು ಸುತ್ತಿನಲ್ಲಿ ಸ್ಪ್ಯಾನರ್ ಇದ್ದಕ್ಕಿದ್ದ ಹಾಗೆ ಹಗುರ ಆಯಿತು. ಬಿಚ್ಚಿ ನೋಡಿದರೆ ಬೋಲ್ಟಿಗೆ ಬೆಳ್ಳಿ ಬಣ್ಣದ ಸುರುಳಿ ಸುತ್ತಿಕೊಂಡಿತ್ತು, ಆಯಿಲ್ ಚೇಂಬರಿನ ಮರೆ (ಬೋಲ್ಟ್ ಕೂರೋ ಸುರುಳಿ ಗೆರೆ) ಅಷ್ಟೂ. ಫ್ಲಾಟ್‌ಬೆಡ್ ಲಾರಿ, ಹೊಸ ಮರೆ, ಕೂಲಿ ಎಲ್ಲ ಸೇರಿ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಹೋಯಿತು. ಸ್ನೇಹಿತ ಈಗಲೂ ಮದುವೆ ಮನೆಗಳಲ್ಲಿ ಈ ಕಥೆ ಹೇಳುತ್ತಾನೆ.

ಇನ್ನೊಂದು ವಿಷಯ ಕಣದ್ದು. ಕಾರು ನಿಲ್ಲಿಸೋಕೆ ಕಾಫಿ ಒಣಗಿಸೋ ಕಣ ಒಳ್ಳೆ ಜಾಗ ಅನ್ನಿಸುತ್ತೆ, ಸಿಮೆಂಟು, ಗುಡಿಸಿದ ಹಾಗೆ ನುಣುಪು. ಆದರೆ ನೀರು ಹರಿದು ಹೋಗಲಿ ಅಂತ ಕಣಕ್ಕೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ, ಅಲ್ವಾ? ಈ ಕಾರಿಗೆ ಆಯಿಲ್ ನೋಡೋ ಕಡ್ಡಿ ಇಲ್ಲ, ಮೀಟರಿನಲ್ಲಿ ಸೆನ್ಸರ್ ತೋರಿಸಿದ್ದೇ ಲೆಕ್ಕ, ಅದೂ ಇಂಜಿನ್ ಬಿಸಿಯಾಗಿ ಕಾರು ಸಮತಟ್ಟಾಗಿ ನಿಂತಿದ್ದರೆ. ಗಾರೆ ಮೇಸ್ತ್ರಿಯ ರಸಮಟ್ಟ ಇಟ್ಟು ನೋಡಿ ಜಾಗ ಹುಡುಕಿ. ಕಡಿಮೆ ತೋರಿಸಿತು ಅಂತ ಸುಮ್ನೆ ಸುರಿಯುತ್ತಾ ಹೋದರೆ ಆಯಿಲ್ ಜಾಸ್ತಿಯಾಗಿ ಹೊಗೆ ಶುರುವಾಗುತ್ತೆ. ಜ್ಯಾಕ್ ಒಂದನ್ನೇ ನಂಬಿ 1,300 ಕೆಜಿ ಕಾರಿನ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಹಳೇ ಆಯಿಲ್ ತೋಡಿಗೆ ಬಿಡಬೇಡಿ, ಅದು ಕೊನೆಗೆ ಕಾವೇರಿಗೇ ಹೋಗೋದು. ಡಬ್ಬಿಗೆ ತುಂಬಿ, ರೀಸೈಕ್ಲಿಂಗ್‌ಗೆ ಕಳಿಸೋ ವರ್ಕ್‌ಶಾಪಿಗೆ ಕೊಡಿ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಕಿಲೋಮೀಟರ್ ಓಡಿರಲಿ ಬಿಡಲಿ. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕಡಿಮೆ ಅಂದರೂ 230 ಡಿಗ್ರಿಗೆ ಕುದಿಯಬೇಕು ಅನ್ನೋದು ನಿಯಮ. ಗಾಳಿಯ ತೇವ ಹೀರಿದ ಮೇಲೆ ಅದೇ ಮಿತಿ 155 ಡಿಗ್ರಿ. ನಮ್ಮ ಊರಿನ ತೇವದಲ್ಲಿ ಎರಡು ಮಳೆಗಾಲ ಕಳೆದ ಆಯಿಲ್ ಹಾಕಿಕೊಂಡು ಸಂಪಾಜೆ ಘಟ್ಟ ಜೋರಾಗಿ ಇಳಿದರೆ ಆಯಿಲ್ ಕುದ್ದು ಬ್ರೇಕ್ ಪೆಡಲ್ ಮೆತ್ತಗಾಗಬಹುದು. ಇದನ್ನು ಬೇರೆಯವರ ಕೈಯಲ್ಲಿ ಮಾಡಿಸಿ. ಬರಲ್ಲ ಅಂತಲ್ಲ, ಒಳಗೆ ಗಾಳಿ ಉಳಿದರೆ ಘಟ್ಟದಲ್ಲೇ ಗೊತ್ತಾಗೋದು.

ಪಿಡಿಕೆ ಆಯಿಲ್, ಪೆಟ್ರೋಲಿನ ಹೈ ಪ್ರೆಶರ್ ಲೈನು, ಏರ್‌ಬ್ಯಾಗ್, ಇವುಗಳ ಹತ್ತಿರ ಹೋಗಲೇಬೇಡಿ. ಪಿಡಿಕೆಯಲ್ಲಿ ಕ್ಲಚ್ಚಿಗೆ ಒಂದು ಆಯಿಲ್, ಗೇರಿಗೆ ಇನ್ನೊಂದು, ತುಂಬೋವಾಗ ಕಂಪನಿಯ ಕಂಪ್ಯೂಟರ್ ಬೇಕು. ಪ್ಲಗ್ ನಾಲ್ಕು ವರ್ಷದ ಮಾತು, ಅದನ್ನೂ ಡೀಲರ್ ಹತ್ತಿರವೇ ಮಾಡಿಸಿ.

ಹಾಗಾದರೆ ಡೀಲರ್ ಮಾಡಿದ್ದೆಲ್ಲ ಸರಿಯಾಗಿರುತ್ತಾ? ಇಲ್ಲ. ಬೇರೆ ಕಂಪನಿಯ ಕಾರೊಂದು ನನ್ನ ಹತ್ತಿರ ಬಂದಿತ್ತು. ಜನವರಿ ಬಿಲ್ಲಿನಲ್ಲಿ ಎ.ಸಿ. ಫಿಲ್ಟರ್ ಬದಲಿಸಿದ್ದೇವೆ ಅಂತ ಇತ್ತು. ಫೆಬ್ರವರಿ ಮೊದಲ ವಾರ ಫಿಲ್ಟರ್ ಎಳೆದು ನೋಡಿದರೆ ಮಡಿಕೆಗಳ ನಡುವೆ ಒಣಗಿ ಕಂದಾದ ಕಾಫಿ ಹೂವಿನ ಎಸಳು. ಆ ವರ್ಷ ಕಾಫಿ ಹೂ ಅರಳಿಸೋ ಹೂಮಳೆ ಇನ್ನೂ ಬಂದಿರಲಿಲ್ಲ, ಸ್ಪ್ರಿಂಕ್ಲರ್ ಕೂಡ ಹಾಕಿರಲಿಲ್ಲ. ಅದು ಹಿಂದಿನ ವರ್ಷದ ಹೂವು! ಮಾಲೀಕರು ಫೋಟೊ ಕಳಿಸಿದ ಮೇಲೆ ದುಡ್ಡು ವಾಪಸ್ ಬಂತು. ಅದಕ್ಕೇ ನಾನು ಹೇಳೋದು, ಕೊಡೋ ಮೊದಲು ಫಿಲ್ಟರಿಗೆ ಮಾರ್ಕರ್‌ನಿಂದ ಗುರುತು ಹಾಕಿ, ಬದಲಿಸಿದ ಹಳೇ ಸಾಮಾನು ಡಿಕ್ಕಿಯಲ್ಲಿ ಹಾಕಿ ಕೊಡಿ ಅಂತ ಮೊದಲೇ ಬರೆಸಿ.

ಆಯಿಲ್ ನೀವೇ ಮಾಡಿದರೆ ಬಿಲ್, ಖಾಲಿ ಡಬ್ಬಿ, ಮೀಟರ್ ಮೂರೂ ಒಂದೇ ಫೋಟೊದಲ್ಲಿ ಬರೋ ಹಾಗೆ ತೆಗೆದಿಡಿ. ನಾಳೆ ಮಾರೋಕೆ ಹೋದಾಗ ತಗೊಳ್ಳೋರು ಮೊದಲು ಕೇಳೋದೇ ಸರ್ವಿಸ್ ಪುಸ್ತಕ.

ಪ್ರಶ್ನೆ: ನನ್ನ ಕಾರಿಗೆ ಇನ್ನೂ ವಾರಂಟಿ ಇದೆ. ಮೈಸೂರಿನಲ್ಲಿ ಒಳ್ಳೆ ಹೊರಗಿನ ಗ್ಯಾರೇಜ್ ಇದೆ ಅಂತಾರೆ. ಅಲ್ಲಿ ಆಯಿಲ್ ಬದಲಿಸಿದರೆ ವಾರಂಟಿ ಹೋಗುತ್ತಾ? (ವಿರಾಜಪೇಟೆ)

ಉತ್ತರ: 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ವಿರುದ್ಧ ಒಂದು ಆದೇಶ ಕೊಟ್ಟಿತು. ಹೊರಗೆ ರಿಪೇರಿ ಮಾಡಿಸಿದ ಅಂತ ಮಾತ್ರಕ್ಕೆ ಪೂರ್ತಿ ವಾರಂಟಿ ರದ್ದು ಮಾಡುವಂತಿಲ್ಲ, ಹೊರಗಿನ ತಪ್ಪು ಕೆಲಸದಿಂದ ಏನು ಹಾಳಾಯಿತೋ ಅಷ್ಟಕ್ಕೆ ಮಾತ್ರ ಅಂತ ಅದರಲ್ಲಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಅಂದರೆ ಕಾಗದದ ಮೇಲೆ ವಾದ ಮಾಡಬಹುದು. ಆದರೆ ಹಾಳಾದ ಗೇರ್‌ಬಾಕ್ಸ್ ಮುಂದೆ ಇಟ್ಟುಕೊಂಡು ವಾದ ಮಾಡೋ ಪುರುಸೊತ್ತು ನಿಮಗಿದೆಯಾ? ವಾರಂಟಿ ಇರೋವರೆಗೂ ಡೀಲರ್ ಹತ್ತಿರವೇ ಹೋಗಿ. ಮುಗಿದ ಮೇಲೆ, ಅದೇ ಕಂಪನಿಯ ಕಾರುಗಳಲ್ಲಿ ಪಳಗಿದ ಕೈ, ಸರಿಯಾದ ಸ್ಕ್ಯಾನರ್ ಇರೋ ಗ್ಯಾರೇಜ್ ಸಿಕ್ಕರೆ ನಾನು ಕಣ್ಣು ಮುಚ್ಚಿ ಅಲ್ಲಿಗೇ ಹೋಗುತ್ತೇನೆ.

ಪ್ರಶ್ನೆ: ನಂದೂ ಕೇಮನ್ನೇ, 2014ರದು. ಟೈರ್ ತುಂಬಾ ದಪ್ಪ ಇದೆ, ಓಡಿದ್ದೇ ಕಡಿಮೆ. ಆದರೂ ಬದಲಿಸಿ ಅಂತಾರೆ. ದುಡ್ಡು ಕೀಳೋ ಉಪಾಯ ಅಲ್ವಾ? (ಸೋಮವಾರಪೇಟೆ)

ಉತ್ತರ: ಟೈರಿನ ಪಕ್ಕದಲ್ಲಿ ಡಾಟ್ (DOT) ಅನ್ನೋ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ, ನೋಡಿ. 3516 ಅಂತ ಇದ್ದರೆ 2016ರ 35ನೇ ವಾರ ತಯಾರಾಗಿದ್ದು ಅಂತ. ಅಷ್ಟು ಹಳೆಯದಾದರೆ ದಪ್ಪ ಎಷ್ಟಿದ್ದರೂ ರಬ್ಬರ್ ಗಟ್ಟಿಯಾಗಿರುತ್ತೆ, ಒದ್ದೆ ತಿರುವಿನಲ್ಲಿ ಹಿಡಿಯಲ್ಲ. ಬದಲಿಸಿ, ಇದರಲ್ಲಿ ಅವರು ಹೇಳಿದ್ದು ಸರಿ. ಪಕ್ಕದಲ್ಲಿ ಎನ್0, ಎನ್1 ಅಂತ ಗುರುತು ಇರೋದು ಪೋರ್ಶೆ ಒಪ್ಪಿದ ಟೈರ್, ಅದನ್ನೇ ಕೇಳಿ. ಈ ಕಾರಿನಲ್ಲಿ ಸ್ಟೆಪ್ನಿ ಇಲ್ಲ, ತೂತು ಮುಚ್ಚೋ ಡಬ್ಬಿ ಮತ್ತು ಪಂಪ್ ಮಾತ್ರ. ತೋಟದ ದಾರಿಯ ಕಲ್ಲಿಗೆ ಟೈರಿನ ಪಕ್ಕ ಹರಿದರೆ ಅದು ಕೆಲಸಕ್ಕೆ ಬರಲ್ಲ. ಫ್ಲಾಟ್‌ಬೆಡ್‌ನವರ ನಂಬರ್ ಫೋನಿನಲ್ಲಿರಲಿ.

ಟೈರ್ ಅಂಗಡಿಗೆ ಹೋಗುವಾಗ ಟೂಲ್ ಕಿಟ್‌ನಲ್ಲಿರೋ, ಚಕ್ರದ ಲಾಕ್ ಬೋಲ್ಟ್ ಬಿಚ್ಚೋ ಸಾಕೆಟ್ ಮರೆಯಬೇಡಿ. ಚಕ್ರದ ಬೋಲ್ಟನ್ನು ಗಾಳಿ ಗನ್ನಿನಿಂದ ಬಿಗಿಯೋಕೆ ಬಿಡಬೇಡಿ. ನಿಮ್ಮ ಮಾಡೆಲಿಗೆ 160 ನ್ಯೂಟನ್ ಮೀಟರ್, ಅಂದರೆ ಒಂದು ಮೀಟರ್ ಪೈಪಿನ ತುದಿಗೆ ಸುಮಾರು 16 ಕೆಜಿ ಭಾರ ಬಿಟ್ಟ ಹಾಗೆ. ಟಾರ್ಕ್ ರೆಂಚ್ ಮನೆಯಿಂದಲೇ ತಗೊಂಡು ಹೋಗಿ. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ.