ಪ್ರತಿಕ್ರಿಯೆ: ವಾಸಿಯಾಗದ ಕಾಯಿಲೆ ಮತ್ತು ಬುಧವಾರದ ನೊವೇನಾ

ಮಾನ್ಯರೇ, ಪತಿಯ ಕಾಯಿಲೆ ಗುಣವಾಗದೆಂದು ವೈದ್ಯರು ಹೇಳಿದ ಮೇಲೂ ನಿಮ್ಮ ನೆರೆಮನೆಯ ಕ್ರೈಸ್ತ ಮಹಿಳೆ ಪ್ರತಿ ಬುಧವಾರ ಮುಂಬೈನ ಮಾಹಿಮ್‌ನಲ್ಲಿರುವ ಸಂತ ಮೈಕೆಲರ ಚರ್ಚಿಗೆ ಹೋಗುತ್ತಾರೆ, ಇನ್ನು ಅವರು ಬೇಡುವುದಾದರೂ ಏನನ್ನು ಎಂದು ಕೇಳಿದ್ದೀರಿ. 1948ರಿಂದ ನಡೆದುಬಂದಿರುವ ಆ ನೊವೇನಾದಲ್ಲಿ, ಅಂದರೆ ಮಾತೆ ಮರಿಯಳ ಮೂಲಕ ಬೇಡುವ ವಾರದ ಪ್ರಾರ್ಥನೆಯಲ್ಲಿ, ನಾನೂ ಹಲವು ವರ್ಷ ನಿಂತಿದ್ದೇನೆ. ವಾಸಿಯಾಗಲೆಂದು ಬೇಡುವವರು ಅಲ್ಲಿ ಇದ್ದೇ ಇರುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ನಮ್ಮ ಆರಾಧನೆಯು ನೋವನ್ನು ನೀಗಿಸುವ ಮಾತಿಗಿಂತ ಮೊದಲು, ಅದನ್ನು ದೇವರೆದುರು ಬಾಯಿಬಿಟ್ಟು ಹೇಳಿಕೊಳ್ಳುವ ಭಾಷೆಯನ್ನು ಕೊಡುತ್ತದೆ. ಬೈಬಲಿನ ಪ್ರಾರ್ಥನಾಗೀತೆಗಳಾದ 150 ಕೀರ್ತನೆಗಳಲ್ಲಿ ಮೊರೆಗಳೇ ಬಹಳ. ಕಥೋಲಿಕ ಧರ್ಮಸಭೆಯು ಶುಕ್ರವಾರದ ರಾತ್ರಿ ಪ್ರಾರ್ಥನೆಯಲ್ಲಿ ಹೇಳುವ 88ನೆಯ ಕೀರ್ತನೆಯಂತೂ ಕೊನೆಯಲ್ಲಿ ಸಮಾಧಾನದ ಒಂದು ನುಡಿಯೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ, ಮತ್ತು ಅದನ್ನು ಯಾರೂ ತಿದ್ದಲಿಲ್ಲವೆಂಬುದೇ ನನಗೆ ದೊಡ್ಡ ಸಂಗತಿ. ಶಿಲುಬೆಯ ಮೇಲೆ ಯೇಸು ‘ನನ್ನನ್ನೇಕೆ ಕೈಬಿಟ್ಟೆ’ ಎಂದು ಕೂಗಿದ್ದೂ 22ನೆಯ ಕೀರ್ತನೆಯ ಆರಂಭದ ಮಾತಿನಿಂದಲೇ.

ನನ್ನ ತಾಯಿ ಹಾಸಿಗೆ ಹಿಡಿದಿದ್ದಾಗ ಚರ್ಚಿನ ಗುರುಗಳು ಮನೆಗೇ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ತಂದು, ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಸಂಜೆ ಜಪಸರ ಹಿಡಿದು ಮಾಡುವ ಪ್ರಾರ್ಥನೆಗೆ ನೆರೆಯವರು ಬಂದು ಕೂರುತ್ತಿದ್ದರು. ಅಮ್ಮ ಉಳಿಯಲಿಲ್ಲ, ಆದರೆ ಒಂಟಿಯಾಗಿ ಹೋಗಲೂ ಇಲ್ಲ. ಆ ಮಹಿಳೆಯನ್ನು ಏನೂ ಪ್ರಶ್ನಿಸದೆ, ಮುಂದಿನ ಬುಧವಾರ ಅವರು ಮರಳುವವರೆಗೆ ಅವರ ಪತಿಯ ಬಳಿ ನೀವು ಕುಳಿತಿರುವುದಾಗಿ ಹೇಳಿ ನೋಡಿ.